ಕೊನೆಯ ಮನೆಯಲ್ಲಿ ನಿಂತ ಪ್ಯಾದೆ

"ಆ ಮಣ್ಣು ಕೆಳಗ ಚೆಲ್ರಿ."

ದೇವಾನಂದ ಮುದುಕನ ಮಣಿಕಟ್ಟು ಹಿಡಿದಿದ್ದ. ಕುಣಿಯೊಳಗೆ ಬಿಳಿ ಬಟ್ಟೆ ಸುತ್ತಿಕೊಂಡು ಅವನ ಅಪ್ಪ ಕರೆಪ್ಪ ಮಲಗಿದ್ದ. ಬುದ್ಧನ ತ್ರಿಸರಣ ಹೇಳಿ ಮುಗಿದಿತ್ತು. ಮನೆಯವರು ಮಣ್ಣು ಕೊಟ್ಟಾಗಿತ್ತು, ಈಗ ಹೊರಗಿನವರ ಸರದಿ. ಟಿಕೋಟಾದಿಂದ ಬಂದಿದ್ದ ಶಿವಶರಣಪ್ಪ ಚಪ್ಪಲಿ ದೂರ ಬಿಟ್ಟು, ಮೊಣಕಾಲಿಗೆ ಒಂದು ಕೈ ಊರಿ ಬಗ್ಗಿ, ಒಂದು ಹಿಡಿ ಎರೆಮಣ್ಣು ತೆಗೆದುಕೊಂಡಿದ್ದ, ಅಷ್ಟೆ.

"ಯಾಕೋ ತಮ್ಮಾ?"

"ಚೆಲ್ರಿ ಅಂದ್ನೆಲ್ಲ. ನಮ್ಮಪ್ಪನ ಕುಣಿಯೊಳಗ ನಿಮ್ಮ ಕೈಯಾಗಿನ ಮಣ್ಣು ಬೀಳೂದು ಬ್ಯಾಡ."

ಘೋಣಸಗಿಯ ಹಳ್ಳದ ದಂಡೆಯ ಮೇಲೆ ನಿಂತಿದ್ದ ಜನ ಒಮ್ಮೆಲೇ ಇತ್ತ ತಿರುಗಿದರು. ತಂಗಿ ಸಂಘಮಿತ್ರಾ ಅಣ್ಣನ ಅಂಗಿಯ ತುದಿ ಹಿಡಿದು ಜಗ್ಗಿದಳು. ಬಬಲೇಶ್ವರದ ಅಂಗನವಾಡಿಯಲ್ಲಿ ಕೆಲಸ ಮಾಡುವವಳು, ಸುದ್ದಿ ಕೇಳಿ ಸಿಕ್ಕ ಬಸ್ಸು ಹತ್ತಿ ಬಂದವಳು, ಅತ್ತೂ ಅತ್ತೂ ದನಿ ಕಳೆದುಕೊಂಡಿದ್ದಳು.

"ಅಣ್ಣಾ, ಕೈ ಬಿಡು. ಹಿರೇರದಾರ. ಮಂದಿ ನೋಡಾಕತ್ತಾರ."

"ನೋಡ್ಲಿ. ನೋಡ್ಲಿ ಅಂತನ ಹಿಡದೇನಿ."

ಶಿವಶರಣಪ್ಪ ಕೈ ಬಿಡಿಸಿಕೊಳ್ಳಲು ಹೋಗಲಿಲ್ಲ. "ಒಂದ್ ಮಾತು ಹೇಳೂದಿತ್ತಪಾ," ಎಂದ. "ಎಲ್ಲಾರ ಮುಂದ ಹೇಳಬೇಕಂತ ಬಂದೀನಿ. ಅದನ್ನರ ಹೇಳಿ ಹೋಗ್ತೀನಿ."

"ಜಲ್ಮಾ ಪೂರ್ತಿ ನೀವು ಹೇಳೀರಿ, ನಮ್ಮಪ್ಪ ಕೇಳ್ಯಾನ. ಇವತ್ತು ಅಂವ ಕೇಳೂದಿಲ್ಲ. ನಡೀರಿ."

ಮುದುಕ ಸುತ್ತ ನೋಡಿದ. 'ಇರಲಿ ಬಿಡೋ' ಎಂದು ಯಾರಾದರೂ ಅಂದಾರು ಎಂದು ಕಾದ. ಯಾರೂ ಅನ್ನಲಿಲ್ಲ. ಬೆರಳು ಸಡಿಲಾದವು. ಮಣ್ಣು ಅವನ ಪಾದದ ಮೇಲೆಯೇ ಬಿತ್ತು. ಅವನು ಚಪ್ಪಲಿ ಹುಡುಕಿಕೊಂಡು, ಯಾರ ಮುಖವನ್ನೂ ನೋಡದೆ, ಜಾಲಿಕಂಟಿಗಳ ನಡುವಿನ ಕಾಲುದಾರಿ ಹಿಡಿದು ಕ್ರಾಸಿನ ಕಡೆಗೆ ನಡೆದ.

"ಬರೋಬ್ಬರಿ ಮಾಡ್ದಿ ದೇವಾ," ಎಂದು ಓಣಿಯವನೊಬ್ಬ ಹಿಂದಿನಿಂದ ಅಂದ.

ದೇವಾನಂದನ ಎದೆ ಹಗುರಾಯಿತು. ಅಪ್ಪ ಸತ್ತ ಸುದ್ದಿ ಕೇಳಿದಾಗಿನಿಂದ ಅವನಿಗೆ ಅಳು ಬಂದಿರಲಿಲ್ಲ. ಸಿಟ್ಟು ಮಾತ್ರ ಬಂದಿತ್ತು. ಆ ಸಿಟ್ಟಿಗೆ ಈಗ ಒಂದು ಮುಖ ಸಿಕ್ಕಿ, ಅದು ತಲೆ ತಗ್ಗಿಸಿಕೊಂಡು ಹೋಗಿಯೂ ಆಗಿತ್ತು. ಅವನು ಸಲಿಕೆ ಎತ್ತಿಕೊಂಡ. ಶಿವಶರಣಪ್ಪನ ಜೊತೆಗೆ ಅದೇ ಬಸ್ಸಿನಲ್ಲಿ ಬಂದಿದ್ದ ಟೇಲರ್ ಹಸನಸಾಬ ತನ್ನ ಪಾಲಿನ ಮಣ್ಣನ್ನು ಮೆಲ್ಲಗೆ ಕುಣಿಯೊಳಗೆ ಬಿಟ್ಟು, ದೇವಾನಂದನನ್ನು ಒಮ್ಮೆ ದಿಟ್ಟಿಸಿ ನೋಡಿ, ಹಿಂದೆ ಸರಿದ.

*

ದೇವಾನಂದನಿಗೆ ಚದುರಂಗ ಕಲಿಸಿದ್ದು ಮೊಬೈಲು. ಒಂಬತ್ತನೇ ಇಯತ್ತೆಯಲ್ಲಿ ಮಾಸ್ತರನೊಬ್ಬ "ನಿನಗ ಯಾಕೋ ಇದೆಲ್ಲಾ" ಎಂದ ದಿನ ಚೀಲವನ್ನು ಬೆಂಚಿನ ಮೇಲೆಯೇ ಬಿಟ್ಟು ಎದ್ದು ಬಂದವನು ಅವನು. ಆಮೇಲೆ ವಿಜಯಪುರದಲ್ಲಿ ಮಾಲಿನ ಆಟೋ ಓಡಿಸಲು ಹಿಡಿದ. ಮಾರುಕಟ್ಟೆಯ ಗೇಟಿನ ಹೊರಗೆ ಲೋಡಿಗಾಗಿ ಕಾಯುವಾಗ ಸೀಟಿನ ಮೇಲೆ ಕಾಲು ಮಡಚಿ ಕುಳಿತು, ಹೆಸರು ಗೊತ್ತಿಲ್ಲದ ಊರಿನ ಮುಖ ಕಾಣದ ಮಂದಿಯ ಜೊತೆ ಆಡುತ್ತಿದ್ದ.

ಆ ಆಟದಲ್ಲಿ ಅವನಿಗೆ ಎಲ್ಲಕ್ಕಿಂತ ಮನಸ್ಸಿಗೆ ಹತ್ತಿದ್ದು ಪ್ಯಾದೆ. ಬಡಪಾಯಿ ಕಾಯಿ. ಒಂದೊಂದೇ ಮನೆ ಮುಂದೆ ಹೋಗಬೇಕು, ಹಿಂದೆ ಬರುವಂತಿಲ್ಲ. ಮೊದಲು ಸಾಯುವುದೂ ಅದೇ. ಆದರೆ ಎಲ್ಲ ತಪ್ಪಿಸಿಕೊಂಡು ಎದುರಾಳಿಯ ಕಡೆಯ ಕೊನೆಯ ಸಾಲು ಮುಟ್ಟಿತೆಂದರೆ, ಆಟವೇ ಒಂದು ಗಳಿಗೆ ನಿಂತು ಪರದೆಯ ಮೇಲೆ ಕಾಯಿಗಳು ಮೂಡುತ್ತಿದ್ದವು: ವಜೀರ, ಆನೆ, ಒಂಟೆ, ಕುದುರೆ. ಏನಾಗುತ್ತೀ, ಆರಿಸಿಕೋ. ರಾಜನಾಗುವಂತಿಲ್ಲ. ಪ್ಯಾದೆಯಾಗಿಯೇ ಉಳಿಯುವಂತೆಯೂ ಇಲ್ಲ. ನಿನ್ನ ವಜೀರ ಜೀವಂತ ಇದ್ದರೂ ಸರಿ, ನೀನು ಇನ್ನೊಬ್ಬ ವಜೀರನಾಗಬಹುದು. ಅದೇ ನಡೆಯಲ್ಲಿ, ಅಲ್ಲಿಯೇ, ಯಾರ ಅಪ್ಪಣೆಯೂ ಬೇಡ.

ಏನಾಗುತ್ತೀ ಎಂದು ಯಾರೂ ಅವನನ್ನು ಅದುವರೆಗೆ ಕೇಳಿರಲಿಲ್ಲ. ಅವನು ಪ್ರತಿ ಸಲವೂ ಬೆರಳನ್ನು ಆ ನಾಲ್ಕರ ಮೇಲೆ ಸ್ವಲ್ಪ ಹೊತ್ತು ಆಡಿಸಿ, ಆಮೇಲೆ ಒತ್ತುತ್ತಿದ್ದ.

ಹೋದ ಬೇಸಿಗೆಯಲ್ಲಿ ಒಣದ್ರಾಕ್ಷಿಯ ಡಬ್ಬಿ ತರಲು ಟಿಕೋಟಾಕ್ಕೆ ಹೋದಾಗ, ಬಸ್‌ಸ್ಟ್ಯಾಂಡಿನ ಬದಿಯ ಹಸನಸಾಬನ ಹೊಲಿಗೆ ಅಂಗಡಿಯ ಕಟ್ಟೆಯ ಮೇಲೆ ಅಪ್ಪ ಆಡುವುದು ಕಂಡಿತು. ಎದುರಿಗೆ ಶಿವಶರಣಪ್ಪ. ದ್ರಾಕ್ಷಿ ತೋಟದವನು, ಔಷಧಿ-ಗೊಬ್ಬರದ ಅಂಗಡಿಯವನು, ಊರಲ್ಲಿ ನಾಲ್ಕು ಮಂದಿ ಎದ್ದು ನಿಲ್ಲುವಂಥ ಮನೆಯವನು. ಸುತ್ತ ಬಸ್ಸಿಗೆ ಕಾಯುವ ಜನ. ದೇವಾನಂದ ಹಣಿಕಿದ. ಕರೆಪ್ಪನ ಒಂದು ಪ್ಯಾದೆ ಕೊನೆಯ ಸಾಲು ಮುಟ್ಟಿ, ಗೋಡೆಗೆ ಮುಖ ಮಾಡಿದವರಂತೆ ಸುಮ್ಮನೆ ನಿಂತಿತ್ತು.

"ಅಪ್ಪಾ, ಇದು ಮುಟ್ಟೈತಲ್ಲ. ಯಾಕ ಬದಲ ಮಾಡಿಲ್ಲ?"

"ನಂದ್ಯಾವ ದೊಡ್ಡ ಕಾಯಿನೂ ಸತ್ತಿಲ್ಲೋ," ಎಂದ ಕರೆಪ್ಪ, ತಲೆ ಎತ್ತದೆ. "ಸತ್ತಿದ್ರ ಅದನ್ನ ಎಬ್ಬಿಸಿ ತರಬಹುದಿತ್ತು. ಈಗ ಕಾಯಬೇಕು."

"ಎಲ್ಲೀ ತನಕ?"

"ಒಂದು ಸಾಯೂ ತನಕ."

"ಇದ್ಯಾರು ಕಲಿಸಿದ್ರು ನಿನಗ?"

ಕರೆಪ್ಪ ಉತ್ತರ ಕೊಡುವವರೆಗೆ ದೇವಾನಂದ ಕಾಯಲಿಲ್ಲ. ಅವನ ಕಣ್ಣು ಆಗಲೇ ಎದುರಿಗಿನ ಬಿಳಿ ಧೋತರದ ಮೇಲೆ ನಿಂತಿತ್ತು.

"ಓಹೋ. ಇವರೇನು?" ಎಂದ. "ರೀ ಧಣ್ಯಾರ, ಮಜಾ ಐತಲ್ರಿ ನಿಮ್ಮ ಕಾಯ್ದೆ! ನಮ್ಮಪ್ಪನ ಪ್ಯಾದಿ ನಿಮ್ಮ ಮನಿ ಬಾಗಲಾ ಮುಟ್ಟಿದ್ರೂ ಹೊರಗ ನಿಂದರಬೇಕೇನು?"

ಅವನು ಮೊಬೈಲು ತೆಗೆದು ತೋರಿಸಿದ. ಬಸ್ಸಿಗೆ ಕಾಯುವವರೆಲ್ಲ ಕೇಳುವಂತೆ ಆಟದ ಕಾಯ್ದೆ ಓದಿ ಹೇಳಿದ. ಹಸನಸಾಬನ ಮಷೀನಿನ ಮೇಲಿದ್ದ ದಾರದ ರೀಲನ್ನು ಎತ್ತಿ, ಪ್ಯಾದೆಯನ್ನು ತೆಗೆದು, ಅದರ ಜಾಗದಲ್ಲಿ ಟಕ್ಕೆಂದು ಕುಕ್ಕಿದ. "ಇದು ವಜೀರ. ಎರಡನೇ ವಜೀರ. ನೋಡ್ರಿ, ನಿಮ್ಮ ರಾಜಾ ಸತ್ತ!"

ಜನ ಕೇಕೆ ಹಾಕಿದರು. "ಶಿವಶರಣಪ್ಪನವರ, ಸಿಕ್ಕ ಬಿದ್ರಲ್ರಿ!" ಎಂದು ಒಬ್ಬ ಅಂದ. "ಇಷ್ಟು ವರ್ಷ ಹಿಂಗ ಗೆದ್ದೀರೇನ್ರಿ?" ಎಂದು ಇನ್ನೊಬ್ಬ.

ಶಿವಶರಣಪ್ಪ ಕರೆಪ್ಪನ ಮುಖ ನೋಡಿದ. ಕರೆಪ್ಪ ದಾರದ ರೀಲು ನೋಡುತ್ತಿದ್ದ. ಶಿವಶರಣಪ್ಪ, "ಆತು ಬಿಡಪಾ. ನಂದ ತಪ್ಪು," ಎಂದ.

ಮನೆಗೆ ಮರಳುವಾಗ ಆಟೋದಲ್ಲಿ ಕರೆಪ್ಪ ಒಂದೇ ಮಾತು ಕೇಳಿದ: "ಎಲ್ಲಾ ಕಡೆ ಹಂಗ ಆಡ್ತಾರೇನೋ?"

"ಎಲ್ಲಾ ಕಡೆ. ಇಡೀ ಜಗತ್ತಿನಾಗ. ನಿನಗ ಒಬ್ಬಾವಗ ಬ್ಯಾರೆ ಹೇಳಿಕೊಟ್ಟಾರ."

ಅವತ್ತಿನಿಂದ ಕರೆಪ್ಪ ಟಿಕೋಟಾದ ಕಟ್ಟೆಗೆ ಹೋಗಲಿಲ್ಲ. ಅಪ್ಪನಿಗೆ ಕಡೆಗೂ ಸಿಟ್ಟು ಬಂತು ಎಂದು ದೇವಾನಂದ ಗೆಳೆಯರ ಮುಂದೆ ಎದೆ ತಟ್ಟಿ ಹೇಳಿಕೊಂಡ.

*

ಕುಣಿ ಮುಚ್ಚಿ ಮಣ್ಣು ಗುಡ್ಡೆ ಹಾಕಿದ ಮೇಲೆ ಜನ ಹೊಲದ ಪಂಪಿನ ನೀರಿಗೆ ಕೈಕಾಲು ತೊಳೆಯಲು ಹೋದರು. ದೇವಾನಂದ ಮೈಮೇಲೆಲ್ಲ ನೀರು ಸುರಿದುಕೊಂಡು ಎದ್ದಾಗ ಹಸನಸಾಬ ಎದುರಿಗೆ ನಿಂತಿದ್ದ.

"ಇವತ್ತು ನಿಮ್ಮಪ್ಪನ ಮಣ್ಣು. ಇಲ್ಲಂದ್ರ ನಿನ್ನ ಕಪಾಳಕ್ಕ ಬಾರಸ್ತಿದ್ದೆ."

"ಬಾರಸ್ರಿ ಕಾಕಾ. ಖರೇ ಮಾತಾಡಿ ಹೊಡಸ್ಕೊಂಡು ರೂಢಿ ಐತಿ ನಮಗ."

"ಖರೇ! ದೊಡ್ಡ ಖರೇ ಮಾತಿನಾಂವ ಬಂದ. ಲೇ, ನಿಮ್ಮಪ್ಪಗ ಆಟ ಕಲಿಸಿದಾಂವ ಯಾರು?"

"ಮತ್ಯಾರು, ಆ ಶಿವಶರಣಪ್ಪ."

"ಯಾರು ಹೇಳಿದ್ರು ನಿನಗ?"

ದೇವಾನಂದ ಬಾಯಿ ತೆರೆದ. ಯಾರು ಹೇಳಿದ್ದರು? ಅಪ್ಪ ಹೇಳಿರಲಿಲ್ಲ. ಅವ್ವ ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಹೇಳುವ ಅವಶ್ಯಕತೆಯೇ ಇಲ್ಲದಷ್ಟು ಅದು ಅವನಿಗೆ ಗೊತ್ತಿತ್ತು.

"ಕಲಿಸಿದಾಂವ ನಿಮ್ಮಪ್ಪಲೇ," ಎಂದ ಹಸನಸಾಬ. "ಶಿವಶರಣಪ್ಪಗ, ನನಗ, ಆ ಕಟ್ಟಿಮ್ಯಾಲೆ ಬಂದು ಕುಂತಾವರಿಗೆಲ್ಲ. ಆ ಸತ್ತ ಕಾಯಿ ಎಬ್ಬಸೂ ಕಾಯ್ದೆನೂ ಅವಂದ."

*

ಕರೆಪ್ಪ ಹರೆಯದಲ್ಲಿ ಸೊಲ್ಲಾಪುರದ ಬಟ್ಟೆ ಗಿರಣಿಯಲ್ಲಿದ್ದವನು. ಪಾಳಿ ಬದಲಾಗುವ ಹೊತ್ತಿನಲ್ಲಿ ಅಲ್ಲಿಯ ಕೆಲಸಗಾರರು ನೂಲು ಸುತ್ತುವ ಮುರಿದ ಬಾಬಿನ್ನುಗಳನ್ನು ಕೊರೆದು ಮಾಡಿದ ಕಾಯಿಗಳಿಂದ ಚದುರಂಗ ಆಡುತ್ತಿದ್ದರು. ಒಂದು ಕಡೆಗೆ ಒಂದೇ ವಜೀರ. ಪ್ಯಾದೆ ಕೊನೆಯ ಸಾಲು ಮುಟ್ಟಿದರೆ ಇನ್ನೊಂದು ವಜೀರನನ್ನು ಎಲ್ಲಿಂದ ತರುವುದು? ಅದಕ್ಕೆ, ಸತ್ತು ಹೊರಗೆ ಬಿದ್ದ ಕಾಯಿ ಇದ್ದರೆ ಅದನ್ನು ಎಬ್ಬಿಸಬೇಕು, ಇಲ್ಲದಿದ್ದರೆ ಪ್ಯಾದೆ ಕಾಯಬೇಕು. ಅದೇ ಕಾಯ್ದೆಯಾಯಿತು. ಬೇರೆ ಕಾಯ್ದೆ ಇದೆಯೆಂದು ಆ ಗಿರಣಿಯ ಅಂಗಳದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗಿರಣಿ ಮುಚ್ಚಿತು. ಕರೆಪ್ಪ ಊರಿಗೆ ಬಂದು ರಸ್ತೆ ಗ್ಯಾಂಗಿನ ಕೆಲಸಕ್ಕೆ ಸೇರಿದ. ಮಧ್ಯಾಹ್ನದ ಬಿಸಿಲಿಗೆ ಡಾಂಬರಿನ ಕೆಲಸ ನಿಂತಾಗ ಹಸನಸಾಬನ ಅಂಗಡಿಯ ನೆರಳಿಗೆ ಬರುತ್ತಿದ್ದ. ಬಟ್ಟೆ ಗುರುತು ಮಾಡುವ ಸುಣ್ಣದ ತುಂಡಿನಿಂದ ಕಟ್ಟೆಯ ಕಲ್ಲಿನ ಮೇಲೆ ಮನೆಗಳನ್ನು ಬರೆದ, ಕೋಟಿನ ಗುಂಡಿಗಳನ್ನು ಪ್ಯಾದೆ ಮಾಡಿದ. ಅಂಗಿ ಹೊಲಿಸಲು ಬಂದಿದ್ದ ಶಿವಶರಣಪ್ಪ ಎಂಬ ತರುಣ, ಅಂಗಿ ಕೈಗೆ ಬಂದ ಮೇಲೂ ಮನೆಗೆ ಹೋಗಲಿಲ್ಲ. "ಇದು ಹೆಂಗ ನಡೀತೈತಿ?" ಎಂದು ಕೇಳಿದ. "ಒಂಟಿ ಓರೆ ಹೋಗ್ತೈತ್ರಿ, ಆನಿ ನೀಟ ಹೋಗ್ತೈತಿ," ಎಂದು ಕರೆಪ್ಪ ತೋರಿಸಿಕೊಟ್ಟ.

ತಿಂಗಳೊಪ್ಪತ್ತಿನಲ್ಲಿ ಶಿವಶರಣಪ್ಪ ಮರದ ಹಲಗೆ, ಬಣ್ಣದ ಕಾಯಿ ತಂದ. ಎಲ್ಲಿ ಕಲಿತಿ ಎಂದು ಮನೆಯಲ್ಲಿ ಕೇಳಿದಾಗ "ನಾನ ಕಲತೆ" ಎಂದ. ಅವರಪ್ಪ ಇದ್ದ ಕಾಲ, ಕರೆಪ್ಪ ಕಲಿಸಿದ ಅಂದಿದ್ದರೆ ಮನೆಯೊಳಗೆ ಸೇರಿಸುತ್ತಿರಲಿಲ್ಲ. ಅವರಪ್ಪ ಸತ್ತ ಮೇಲೆ ಅನ್ನಬಹುದಿತ್ತು. ಆಗಲೂ ಅನ್ನಲಿಲ್ಲ. ಅಷ್ಟೊತ್ತಿಗೆ, ಶಿವಶರಣಪ್ಪನವರದು ದೊಡ್ಡ ಮನಸ್ಸು, ಕರೆಪ್ಪನಂಥವನಿಗೂ ಆಟ ಕಲಿಸಿ ಎದುರಿಗೆ ಕೂಡಿಸಿಕೊಳ್ಳುತ್ತಾರೆ ಎಂದು ಊರೇ ಮಾತಾಡುತ್ತಿತ್ತು. ಆ ಮಾತು ಕಟ್ಟೆಯ ಮೇಲೂ ಬಂದಾಗ ಶಿವಶರಣಪ್ಪ ಕೆಮ್ಮುತ್ತಿದ್ದ. ಕರೆಪ್ಪ ಪ್ಯಾದೆಯನ್ನು ಒಂದು ಮನೆ ಮುಂದೆ ಇಡುತ್ತಿದ್ದ.

*

"ಮತ್ತ ಅವತ್ತ್ಯಾಕ ನೀವು ಬಾಯಿ ತಗೀಲಿಲ್ಲ?" ಎಂದ ದೇವಾನಂದ. "ನಾ ಅಷ್ಟು ಒದರ್ಯಾಡುವಾಗ?"

"ನಿಮ್ಮಪ್ಪ ಹಲಗಿ ಕೆಳಗ ನನ್ನ ಮೊಣಕಾಲ ಒತ್ತಿ ಹಿಡದಿದ್ದ. ಇಲ್ಲಿ ಕೆಂಪಾಗಿತ್ತು, ಅಷ್ಟು ಗಟ್ಟಿ ಹಿಡದಿದ್ದ. ಮಗ ಮಂದ್ಯಾಗ ಅಪ್ಪನ ಪರ ನಿಂತಾನ, ಕೆಡಸಬ್ಯಾಡ ಅಂತಿದ್ನೋ, ತಪ್ಪ ಕಲಿಸಿದಾಂವ ತಾನ ಅಂತ ಮಗಗ ತಿಳೀಬಾರ್ದು ಅಂತಿದ್ನೋ, ಅಲ್ಲಾಗ ಗೊತ್ತು. ಶಿವಶರಣಪ್ಪನೂ ನೋಡಿದ. ತಪ್ಪು ತನ್ನ ಮ್ಯಾಲೆ ಹಾಕ್ಕೊಂಡ. ಹಾಕ್ಕೊಳ್ಳುವಾಗೂ, ಕಲಿಸಿದಾಂವ ನಾ ಅಲ್ಲ ಅನ್ನಲಿಲ್ಲ ನೋಡು, ಅದು ಅವನ ಸಣ್ಣತನ. ನಾ ಬೈದೇನಿ ಅವಗ. ಬಾಯಿ ತುಂಬ ಬೈದೇನಿ."

ಹಸನಸಾಬ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ.

"ಅದನ್ನ ಹೇಳಾಕ ಬಂದಿದ್ದ ಇವತ್ತು. ಬಸ್ಸಿನ್ಯಾಗ ದಾರಿ ಪೂರ್ತಿ ಬಾಯಾಗ ರೂಢಿ ಮಾಡ್ಕೊಂತ ಬಂದ. 'ಹಸನಾ, ಕರೆಪ್ಪ ನನ್ನ ಗುರು ಅಂತಂದ್ರ ಸಾಕೋ, ಇನ್ನೂ ಏನರ ಅನಬೇಕೋ' ಅಂತ ನನ್ನ ಕೇಳ್ತಿದ್ದ. ನಿಮ್ಮ ಓಣಿ ಮಂದಿ, ನಮ್ಮೂರ ಮಂದಿ, ಎಲ್ಲಾರೂ ಇದ್ರು. ನೀ ಕೈ ಹಿಡದಿ."

ಪಂಪಿನ ನೀರು ದೇವಾನಂದನ ಕಾಲ ಕೆಳಗಿನಿಂದ ಮಣ್ಣು ಸೆಳೆಯುತ್ತಿತ್ತು. ಊರೆಲ್ಲ ಅಂದುಕೊಂಡದ್ದನ್ನೇ ತಾನೂ ಅಂದುಕೊಂಡಿದ್ದ. ಸಿಟ್ಟಿನಲ್ಲಿ ಅಂದುಕೊಂಡಿದ್ದ, ಅಷ್ಟೇ ಫರಕು. ಅಪ್ಪ ಯಾರಿಗಾದರೂ ಏನಾದರೂ ಕಲಿಸಿರಬಹುದು ಎಂಬುದು ಒಂದು ದಿನವೂ, ಕನಸಿನಲ್ಲಿಯೂ ಅವನಿಗೆ ಹೊಳೆದಿರಲಿಲ್ಲ. 'ನಿನಗ ಯಾಕೋ ಇದೆಲ್ಲಾ' ಎಂದ ಮಾಸ್ತರನಾದರೂ ಬಾಯಿ ಬಿಟ್ಟು ಅಂದಿದ್ದ.

ಒದ್ದೆ ಬಟ್ಟೆಯಲ್ಲಿಯೇ ಅವನು ಮನೆಗೆ ನಡೆದ. ಅಂಗಳದಲ್ಲಿ ಹೆಂಗಸರ ನಡುವೆ ಕುಳಿತಿದ್ದ ಅವ್ವ ಚಂದ್ರಾಬಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ.

"ಅವ್ವಾ, ಅಪ್ಪ ಟಿಕೋಟಾಕ್ಕ ಹೋಗೂದು ಯಾಕ ಬಿಟ್ಟಬೇ?"

"ಈಗ್ಯಾಕೋ ಅದು?"

"ಹೇಳಬೇ."

"ಮಂದಿ ಮುಂದ ಮೊಣಕಾಲ ಬ್ಯಾನಿ ಅಂತಿದ್ದ. ಬ್ಯಾನಿ ಎಲ್ಲಿದು? ಹೊಲದ ತನಕ ದಿನಾ ನಡೀತಿದ್ದ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನ ಮುಂದ, 'ಚಂದ್ರಾ, ಮಂದಿಗೆಲ್ಲ ತಪ್ಪ ಕಲಿಸೀನಿ, ಹೆಂಗ ಮಾರಿ ತೋರಸ್ಲಿ' ಅಂತಿದ್ದ. ರಸ್ತೆ ಕೆಲಸದಾಗ ಹುಡುಗರಿಗೆ ಏನರ ತಪ್ಪ ಹೇಳಿಕೊಟ್ಟಾನೇನೋ ಅನ್ಕೊಂಡೆ ನಾ. ಒಮ್ಮೆ ಈ ಹಸನಸಾಬ ಕರ್ಯಾಕ ಬಂದ. ನಿಮ್ಮಪ್ಪ ಒಳಗ ಓಡಿಹೋಗಿ ಕೌದಿ ಹೊತ್ಕೊಂಡು ಮಲಗಿದ. ಜ್ವರ ಬಂದೈತಿ ಅನ್ನು ಅಂದ. ನಾ ಅಂದೆ. ಸುಳ್ಳ ಹೇಳಿದೆ." ಅವಳು ಮಗನ ಮುಖ ನೋಡಿದಳು. "ಏನ್ ತಪ್ಪ ಕಲಿಸಿದ್ನೋ ಅಂವ? ನಿನಗೇನರ ಗೊತ್ತೈತೇನು?"

"ಏನಿಲ್ಲಬೇ. ಏನೂ ತಪ್ಪ ಕಲಿಸಿದ್ದಿಲ್ಲ."

"ಮತ್ತ?"

ಬಾಗಿಲಲ್ಲಿ ನಿಂತಿದ್ದ ಸಂಘಮಿತ್ರಾ ಎಲ್ಲ ಕೇಳಿಸಿಕೊಂಡಿದ್ದಳು. "ಟಿಕೋಟಾ ಬಸ್ಸು ಇನ್ನೂ ಬಂದಿಲ್ಲಣ್ಣ," ಎಂದಳು, ಅಷ್ಟೆ. ಅವನು ಎದ್ದು ಓಡಿದ.

ಶಿವಶರಣಪ್ಪನನ್ನು ಕರೆದುಕೊಂಡು ಬರಬೇಕು. ಗುಡ್ಡೆಯ ಮುಂದೆ ನಿಲ್ಲಿಸಬೇಕು. ಜನ ಇನ್ನೂ ಪೂರಾ ಚದುರಿಲ್ಲ, ಚಹಾಕ್ಕೆ ನಿಂತಿದ್ದಾರೆ. ಮುದುಕ ಆ ಮಾತು ಹೇಳಲಿ, ಗಟ್ಟಿಯಾಗಿ ಹೇಳಲಿ, ಎಲ್ಲರೂ ಕೇಳಲಿ. ಅಪ್ಪ ಕೇಳಲಾರ, ಆದರೂ ಹೇಳಲಿ. ಆಮೇಲೆ ಬೇಕಾದರೆ ತನ್ನ ಕಪಾಳಕ್ಕೂ ಹೊಡೆಯಲಿ. ಹೊಲದ ಬದುವಿನ ಮೇಲೆ ಓಡುತ್ತ ಅವನು ಇದನ್ನೆಲ್ಲ ಹೇಗೆ ಅನ್ನಬೇಕೆಂದು ಬಾಯಲ್ಲಿ ಜೋಡಿಸಿಕೊಂಡ. ಒಂದೂ ಜೋಡಿಯಾಗಲಿಲ್ಲ. ಕ್ಷಮಿಸ್ರಿ ಎಂಬ ಮಾತನ್ನು ಅವನು ಯಾರಿಗೂ ಅಂದು ಗೊತ್ತಿರಲಿಲ್ಲ.

ಕ್ರಾಸಿನಲ್ಲಿ ಬಸ್ಸು ನಿಂತಿತ್ತು. ಕೊನೆಯವನಾಗಿ ಶಿವಶರಣಪ್ಪ ಹತ್ತುತ್ತಿದ್ದ.

"ಏ, ನಿಂದರ್ರಿ! ಶಿವಶರಣಪ್ಪಾ! ಇಳೀರಿ ಕೆಳಗ!"

ಮೆತ್ತಗೆ ಕರೆಯಬೇಕೆಂದೇ ಅವನು ಬಾಯಿ ತೆರೆದಿದ್ದ. ಅವನ ಗಂಟಲಿಗೆ ಬೇರೆ ದನಿ ಗೊತ್ತಿರಲಿಲ್ಲ. ಬಸ್ಸಿನ ಜನ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಮೈಯೆಲ್ಲ ಒದ್ದೆ, ಬರಿಗಾಲು, ಉಸಿರು ಹತ್ತಿ ಕೆಂಪಾದ ಮುಖ. ಹೊಡೆದಾಟಕ್ಕೆ ಬಂದವನು ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ಕಾಕಾ, ಹೊಳ್ಳಿ ಬರ್ರಿ," ಎಂದ ಅವನು, ಬಸ್ಸಿನ ತಗಡಿನ ಮೇಲೆ ಅಂಗೈಯಿಂದ ಬಡಿಯುತ್ತ. "ಇಳೀರಿ ಅಂದ್ನೆಲ್ಲ!"

"ಏ ತಮ್ಮಾ!" ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತ. "ವಯಸ್ಸಾದ ಮನಿಷ್ಯಾಗ ಅಂಜಸ್ತೀ ಏನ್ಲೇ? ಜಗಳ ಇದ್ರ ಟೇಶನ್ನಿಗೆ ಹೋಗಿ ಮಾಡ್ಕೊ. ರೈಟ್! ರೈಟ್!"

"ಜಗಳ ಅಲ್ರಿ—"

ಶಿವಶರಣಪ್ಪ ಒಳಗೆ ಕಿಟಕಿಯ ಹತ್ತಿರ, ಸೀಟು ಸಿಗದೆ, ಕಂಬಿ ಹಿಡಿದು ನಿಂತಿದ್ದ. ಅವನು ದೇವಾನಂದನನ್ನು ನೋಡಿದ. ಕಂಬಿಯಿಂದ ಎರಡೂ ಕೈ ಬಿಟ್ಟು, ಮಗನ ವಯಸ್ಸಿನವನಿಗೆ, ಎದೆಯ ಮುಂದೆ ಕೈ ಮುಗಿದ.

"ಹೊಂಟೀನಪಾ," ಎಂದ. "ಹೊಂಟೀನಿ ನಾ. ಇನ್ನೊಮ್ಮೆ ಬರೂದಿಲ್ಲ."

ಬ್ಯಾಡ್ರಿ, ಕೈ ಇಳಸ್ರಿ ಎನ್ನಲು ದೇವಾನಂದ ತನ್ನ ಕೈ ಎತ್ತಿದ. ಎತ್ತಿದ ಕೈ ಕಂಡು ಮುದುಕನ ತಲೆ ಹೆಗಲೊಳಗೆ ಕುಗ್ಗಿತು.

ಬಸ್ಸು ಜಗ್ಗಿತು. ಹಿಡಿದುಕೊಳ್ಳಲು ಕೈ ಇಲ್ಲದ ಮುದುಕ ಓಲಾಡಿ ಹಿಂದಕ್ಕೆ ಬಿದ್ದ. ಯಾರೋ ಹೆಂಗಸೊಬ್ಬಳು ಅವನ ಅಂಗಿ ಹಿಡಿದು ತನ್ನ ಹೆಗಲಿಗೆ ಆನಿಸಿಕೊಂಡಳು. ಹಾಗೆ ವಾಲಿಕೊಂಡೇ, ಬಸ್ಸು ಟಿಕೋಟಾದ ರಸ್ತೆಗೆ ಹೊರಳುವವರೆಗೆ, ಧೂಳು ಗಾಜನ್ನು ಮುಚ್ಚುವವರೆಗೆ, ಅವನು ಮುಗಿದ ಕೈ ಬಿಡಿಸಲಿಲ್ಲ.